ಸ್ಟಾರ್ ಇಲ್ಲದ ಕಾಲಂ

ನನ್ನ ತಂಗಿಯನ್ನು ಬೀದಿಯವರೆಲ್ಲ ಟಿಕ್ಕಮ್ಮ ಎನ್ನುತ್ತಾರೆ. ಅಪ್ಪ ಅಮ್ಮ ಯೋಚಿಸಿ ಇಟ್ಟ ಹೆಸರೊಂದು ಅವಳಿಗೆ ಇದೆ. ಅದನ್ನು ಹಿಡಿದು ಕರೆಯುವವನು ಈಗ ನಾನೊಬ್ಬನೇ, ಅದೂ ಸಿಟ್ಟು ಬಂದಾಗ. ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ ಮುಗಿದು, ಕಾಲಂಗಳ ಪಕ್ಕದಲ್ಲಿ ಹಸಿರು ಟಿಕ್ ಮೂಡಿದ ಕೂಡಲೇ ಅವಳು ಎದುರು ಕೂತವರ ಮುಖ ಕೂಡ ನೋಡದೆ, “ಟಿಕ್ ಬಂತು, ಏಳಿ” ಎನ್ನುತ್ತಿದ್ದಳು. ಹೆಸರು ಹುಟ್ಟಿದ್ದು ಅಲ್ಲಿಂದ. ಹಾಗೆ ಕರೆಸಿಕೊಳ್ಳಲು ಅವಳಿಗೆ ಒಳಗೊಳಗೇ ಖುಷಿಯಿತ್ತು ಎಂಬುದು ನನ್ನ ಗುಮಾನಿ.

ಅಂಗಡಿ ನನ್ನದು. ಮುಂದಿನ ಅರ್ಧದಲ್ಲಿ ನನ್ನ ಜೆರಾಕ್ಸ್ ಯಂತ್ರ, ಹಿಂದಿನ ಅರ್ಧದಲ್ಲಿ ಅವಳ ಮೇಜು. ಯಂತ್ರ ಕೆಟ್ಟಾಗ ನಾನು ಅದಕ್ಕೆ ಬೈಯುವುದು ಅವಳಿಗೆ ಕೇಳಿಸುತ್ತದೆ, ಜನ ತಲೆ ತಿಂದಾಗ ಅವಳು ಅವರಿಗೆ ಬೈಯುವುದು ನನಗೆ ಕೇಳಿಸುತ್ತದೆ. ಅವಳು ಮೊದಲು ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ವಕೀಲರು ಬಾಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಕಾಗದ ಯಂತ್ರದಿಂದ ಹೊರಗೆ ಬಂದಿರುತ್ತಿತ್ತು. ಆ ಕಚೇರಿ ಮುಚ್ಚಿದ ಮೇಲೆ ನನ್ನ ಅಂಗಡಿಗೆ ಬಂದು ಕೂತಳು. ಗಂಡ ದೂರದ ಬಸ್ಸಿನ ಡ್ರೈವರ್. ಮನೆಯಲ್ಲಿ ಇರುವುದಕ್ಕಿಂತ ರಸ್ತೆಯ ಮೇಲೆ ಇರುವುದೇ ಹೆಚ್ಚು. ಹಾಗಾಗಿ ಅವಳಿಗೆ ಅಂಗಡಿಯೇ ಮನೆ, ಮೇಜೇ ಸಂಸಾರ.

ಕೆಲಸ ಏನೆಂದರೆ, ಕಂಪ್ಯೂಟರ್ ಬಾರದವರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುವುದು. ಶಾಲೆಯದು, ನಲ್ಲಿಯದು, ಪಿಂಚಣಿಯದು, ಪರೀಕ್ಷೆಯದು. ಈಗ ಎಲ್ಲಕ್ಕೂ ಅರ್ಜಿ, ಎಲ್ಲ ಅರ್ಜಿಗೂ ಇಮೇಲ್ ವಿಳಾಸ, ಎಲ್ಲ ವಿಳಾಸಕ್ಕೂ ಒಂದು ಪಾಸ್‌ವರ್ಡ್. ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಇಮೇಲ್ ಎಂದರೇನು ಎಂದು ಗೊತ್ತಿಲ್ಲ. ಗೊತ್ತಿರುವ ಇನ್ನರ್ಧ ಜನಕ್ಕೆ ತಮ್ಮ ಪಾಸ್‌ವರ್ಡ್ ಗೊತ್ತಿಲ್ಲ.

ಇದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಅದನ್ನು ನನಗೆ ಬಹಳ ಹೆಮ್ಮೆಯಿಂದ ವಿವರಿಸಿದ್ದಳು ಕೂಡ.

“ಫಾರಂಗೆ ನಿಜ ಬೇಕಿಲ್ಲ ಅಣ್ಣ, ಆಕಾರ ಬೇಕು ಅಷ್ಟೆ. ಮುಂದೆ ಒಂದು ಪದ, ನಡುವೆ ಆ ಸುರುಳಿ ಗುರುತು, ಆಮೇಲೆ ಒಂದು ಬಾಲ, ಬಾಲದಲ್ಲೊಂದು ಚುಕ್ಕೆ. ಇಷ್ಟಿದ್ರೆ ಬಾಯಿ ಮುಚ್ಕೊಂಡು ಟಿಕ್ ಹಾಕುತ್ತೆ. ಆ ವಿಳಾಸದಲ್ಲಿ ಯಾರಾದ್ರೂ ಇದಾರಾ ಅಂತ ಅದು ಹೋಗಿ ಬಾಗಿಲು ತಟ್ಟಲ್ಲ.”

ಹೀಗಾಗಿ ಇಮೇಲ್ ಇಲ್ಲದವರಿಗೆಲ್ಲ ಅವಳು ಕೂತಲ್ಲೇ ಒಂದು ವಿಳಾಸ ಹುಟ್ಟಿಸುತ್ತಿದ್ದಳು. ಬಡಗಿ ಬಂದರೆ ಬಡಗಿ, ಹಾಲಿನವನು ಬಂದರೆ ಹಾಲು, ಅದರ ಹಿಂದೆ ಕೈಗೆ ಬಂದ ಅಂಕಿ, ಆಮೇಲೆ ಎಲ್ಲರೂ ಬಳಸುವ ಬಿಟ್ಟಿ ಇಮೇಲಿನ ಬಾಲ. ಕೆಲವು ಅರ್ಜಿಗಳು ಚುರುಕು. ಇಮೇಲಿಗೆ ಗುಟ್ಟಿನ ಅಂಕಿ ಕಳಿಸಿ, ಅದನ್ನು ತಂದು ತೋರಿಸು ಎನ್ನುತ್ತವೆ. ಅಂಥವಕ್ಕೆ ಅಂಗಡಿಯದೇ ಇಮೇಲ್ ಹಾಕುತ್ತಿದ್ದಳು. ಆದರೆ ಒಂದು ಅರ್ಜಿಯಲ್ಲಿ ಒಂದು ವಿಳಾಸ ಒಬ್ಬರಿಗೆ ಮಾತ್ರ ನಡೆಯುತ್ತದೆ, ಹಾಗಾಗಿ ಉಳಿದ ಕಡೆಯೆಲ್ಲ ಅವಳು ಹುಟ್ಟಿಸಿದ ವಿಳಾಸಗಳೇ. ಪಾಸ್‌ವರ್ಡ್ ಮಾತ್ರ ಎಲ್ಲರಿಗೂ ಒಂದೇ. ದೊಡ್ಡಕ್ಷರ ಬೇಕು ಎಂದು ಒಂದು ಅರ್ಜಿ, ಅಂಕಿ ಬೇಕು ಎಂದು ಇನ್ನೊಂದು, ಚಿಹ್ನೆ ಬೇಕು ಎಂದು ಮತ್ತೊಂದು ಹಟ ಮಾಡುತ್ತದಲ್ಲ, ಆ ಎಲ್ಲ ಹಟಮಾರಿಗಳನ್ನೂ ಒಪ್ಪಿಸುವಂಥ ಒಂದು ಪಾಸ್‌ವರ್ಡನ್ನು ಹೊಸೆದು ಇಟ್ಟುಕೊಂಡಿದ್ದಳು. ಇಡೀ ಬೀದಿಗೆ ಒಂದೇ ಬೀಗ, ಕೀಲಿ ಅವಳ ಬೆರಳ ತುದಿಯಲ್ಲಿ.

ಇನ್ನೊಂದು ಅಭ್ಯಾಸವೂ ಇತ್ತು. ಅರ್ಜಿಯಲ್ಲಿ ತುಂಬಲೇಬೇಕಾದ ಕಾಲಂ ಪಕ್ಕದಲ್ಲಿ ಕೆಂಪು ಸ್ಟಾರ್ ಇರುತ್ತದೆ. ಸ್ಟಾರ್ ಇಲ್ಲದಿದ್ದರೆ ತುಂಬಿದರೂ ಸರಿ, ಬಿಟ್ಟರೂ ಸರಿ. ಅವಳು ಬಿಡುತ್ತಿದ್ದಳು. ಹೊರಗೆ ಬೀದಿಯವರೆಗೆ ಸಾಲು ನಿಂತಿರುವಾಗ ಬೇಡದ್ದನ್ನು ಬರೆಯುತ್ತ ಕೂರುವವರು ಯಾರು? ಅವಳ ವೇಗದ ಗುಟ್ಟು ಇದೇ. ಅವಳನ್ನು ಸೋಮಾರಿ ಎಂದು ಯಾರಾದರೂ ಅಂದರೆ ನಾನು ಸುಮ್ಮನಿರುವವನಲ್ಲ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಮುರಿದುಕೊಂಡು ಕೂರುತ್ತಿದ್ದಳು, ಬಡವರು ಬಂದರೆ ನಾನು ಕಣ್ಣು ಕೆಂಪು ಮಾಡಿದರೂ ಪುಕ್ಕಟೆ ಮಾಡಿಕೊಡುತ್ತಿದ್ದಳು. ಆದರೆ ಬೇಗ ಮುಗಿಸುವುದರಲ್ಲಿ ಒಂದು ಅಮಲಿದೆ, ಅದು ಅವಳಿಗೆ ಏರಿತ್ತು.

ನಮ್ಮ ಅಂಗಡಿಯ ಎದುರಿಗೇ ಇಸ್ತ್ರಿ ಮಾವನ ಕೋಣೆ. ಅವರು ನಮಗೆ ನೆಂಟರಲ್ಲ. ಅವಳು ಮಾವ ಎಂದು ಕರೆಯಲು ಶುರು ಮಾಡಿದಳು, ನಾನೂ ಕರೆದೆ, ಬೀದಿಯೂ ಕರೆಯಿತು. ಕಂಬಳಿ ಹೊದಿಸಿದ ಮೇಜು, ನೀರು ಚಿಮುಕಿಸುವ ಬಾಟಲಿ, ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಬಟ್ಟೆಯ ಗಂಟುಗಳು. ಯಾವ ಗಂಟು ಯಾವ ಮನೆಯದು ಎಂದು ಚೀಟಿ ಹಚ್ಚುವ ರೂಢಿ ಅವರಿಗಿಲ್ಲ. ಗಂಟಿನ ಮೇಲೆ ಕೈ ಇಟ್ಟರೆ ಸಾಕು, ಯಾರ ಮನೆಯದೆಂದು ಹೇಳುತ್ತಿದ್ದರು. ಗಂಡ ಹೆಂಡತಿ ಇಬ್ಬರದೇ ಮನೆ. ಬಟ್ಟೆ ತರುವುದು, ತಲುಪಿಸುವುದು ಅತ್ತೆಯ ಕೆಲಸ.

ಅವರ ಎಡಗಣ್ಣಿಗೆ ಯಾವುದೋ ಹಳೆಯ ಸೋಂಕು ತಗುಲಿ ಹಾಲು ಚೆಲ್ಲಿದಂತೆ ಬೆಳ್ಳಗಾಗಿತ್ತು. ಬಲಗಣ್ಣೂ ಅದೇ ದಾರಿ ಹಿಡಿಯತೊಡಗಿದಾಗ ಕಣ್ಣಾಸ್ಪತ್ರೆಗೆ ಹೋದರು. ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಒಂದು ಪದರ ಇರುತ್ತದಂತೆ. ಸತ್ತವರು ದಾನ ಮಾಡಿದ ಕಣ್ಣಿನಿಂದ ಆ ಪದರ ತೆಗೆದು ಹಾಕಿದರೆ ಮತ್ತೆ ಕಾಣುತ್ತದೆ ಎಂದರು. ಅದಕ್ಕೊಂದು ಸರದಿ. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ನೋಂದಣಿ ಮಾಡಿಸಿ ಕಾಯಬೇಕು. ಸರದಿ ಬಂದಿತೆಂದು ತಿಳಿಸಿದ ಕೂಡಲೇ ಹೊರಟು ಬರಬೇಕು, ಏಕೆಂದರೆ ಆ ಗಾಜನ್ನು ಬಹಳ ದಿನ ಇಟ್ಟುಕೊಳ್ಳಲು ಆಗುವುದಿಲ್ಲ.

ಅವರು ನೋಂದಣಿಗೆ ಬಂದದ್ದು ಶಾಲೆಗೆ ಸೇರಿಸುವ ಕಾಲ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಅವಳು ಮಾವನನ್ನು ಕೈ ಹಿಡಿದು ಒಳಗೆ ಕರೆತಂದು ಎಲ್ಲರಿಗಿಂತ ಮೊದಲು ಕೂರಿಸಿದಳು. ಸಾಲಿನಲ್ಲಿದ್ದವರು ಗೊಣಗಿದರು. ಅವಳ ಬೆರಳುಗಳು ಓಡಿದವು. ಇಮೇಲ್ ಕಾಲಂಗೆ ಇಸ್ತ್ರಿ ಎಂದು ಹೊಡೆದು, ಹಿಂದೆ ಅಂಕಿ ಸೇರಿಸಿ, ಬಾಲ ಅಂಟಿಸಿದಳು. ಪಾಸ್‌ವರ್ಡ್ ಅದೇ, ಬೀದಿಯದು. ಎರಡಕ್ಕೂ ಹಸಿರು ಟಿಕ್ ಬಂತು.

ಅಷ್ಟರಲ್ಲಿ ಮಾವ ಅಂಗಿಯ ಜೇಬಿನಿಂದ ಹೊಸ ಫೋನೊಂದನ್ನು ತೆಗೆದರು. ಗುಂಡಿಗಳಿರುವ ಚಿಕ್ಕ ಫೋನು.

“ನಂಬರ್ ಬರ್ಕೋ ತಾಯಿ. ಆಸ್ಪತ್ರೆಯವರು ಕರೆದ್ರೆ ಬೇಕಲ್ಲ ಅಂತ ಇದನ್ನ ತಗೊಂಡೆ.”

“ಅದಕ್ಕೆ ಸ್ಟಾರ್ ಇಲ್ಲ ಮಾವ, ಬೇಡ.”

“ಬೇಡ್ವಾ?”

“ಅವರು ಇಲ್ಲಿಗೇ ಕಾಗದ ಕಳಿಸ್ತಾರೆ,” ಎಂದಳು, ಅಂಗಡಿಯ ಇಮೇಲ್ ಹಾಕಿಸಿಕೊಂಡವರಿಗೆ ಹೇಳುವ ರೂಢಿಯ ಮಾತನ್ನೇ. “ ಟಿಕ್ ಬಂತು, ಏಳಿ.”

ಮಾವ ಫೋನನ್ನು ಮತ್ತೆ ಜೇಬಿಗೆ ಇಟ್ಟುಕೊಂಡು ಎದ್ದರು. ನಾನು ಯಾರದೋ ಅಂಕಪಟ್ಟಿಯ ಪ್ರತಿ ತೆಗೆಯುತ್ತಿದ್ದೆ. ಎಲ್ಲವೂ ಕಿವಿಗೆ ಬಿದ್ದಿತ್ತು, ಯಾವುದೂ ತಪ್ಪೆನಿಸಲಿಲ್ಲ.

ಆಮೇಲೆ ಮಾವ ಆಗಾಗ ರಸ್ತೆ ದಾಟಿ ಬಂದು ನಮ್ಮ ಬಾಗಿಲಲ್ಲಿ ನಿಲ್ಲುವುದು ರೂಢಿಯಾಯಿತು. “ಬಂತಾ ತಾಯಿ?” ಎಂದು ಕೇಳುವರು. “ಬಂದ್ರೆ ನಾನೇ ಓಡಿ ಬಂದು ಹೇಳಲ್ವಾ ಮಾವ?” ಎಂದು ಅವಳು ಪರದೆಯಿಂದ ಕಣ್ಣು ಕೀಳದೆ ಹೇಳುವಳು. ಅವರು ತಲೆಯಾಡಿಸಿ ಹೋಗುವರು. ಹಾಗೆ ಹೇಳುವಾಗ ಅವಳಿಗೆ ಆ ಹುಟ್ಟಿಸಿದ ವಿಳಾಸದ ನೆನಪೇ ಇರಲಿಲ್ಲ. ಟಿಕ್ ಬಂದ ಅರ್ಜಿ ಅವಳ ಮಟ್ಟಿಗೆ ಮುಗಿದ ಅರ್ಜಿ. ದಿನಕ್ಕೆ ಎಷ್ಟೋ ಜನರ ವಿಳಾಸ ಕಟ್ಟುವವಳು ಯಾವುದನ್ನು ನೆನಪಿಟ್ಟುಕೊಳ್ಳಬೇಕು ಎಂದು ನಾನು ಅವಳ ಪರ ವಾದ ಮಾಡಬಲ್ಲೆ. ಮಾಡಿಯೂ ನೋಡಿದ್ದೇನೆ. ಅವಳೇ ಒಪ್ಪಲಿಲ್ಲ.

ಒಂದು ದಿನ ಇಸ್ತ್ರಿಯಿಂದ ಬಂದ ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಕಂದು ಬಣ್ಣದ ಸುಟ್ಟ ಕಲೆ ಇತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಅಂಗಿ ಹಿಡಿದು ಧುಮುಗುಡುತ್ತ ರಸ್ತೆ ದಾಟಿದೆ. ಬಾಗಿಲ ಹತ್ತಿರ ಹೋದವನು ಅಲ್ಲೇ ನಿಂತೆ. ಮಾವ ಒಂದು ಮಗುವಿನ ಲಂಗದ ಮೇಲೆ ಮೂಗು ತಾಗುವಷ್ಟು ಬಗ್ಗಿ, ಎಡಗೈ ಬೆರಳಿನಿಂದ ನಿರಿಗೆಗಳನ್ನು ತಡವಿ ತಡವಿ ಹುಡುಕುತ್ತಿದ್ದರು. ಬೆರಳು ಮುಂದೆ, ಬಿಸಿ ಇಸ್ತ್ರಿ ಅದರ ಹಿಂದೆ. ಬೆರಳ ತುದಿಗಳ ತುಂಬ ಗುಳ್ಳೆ. ನಾನು ಅಂಗಿಯನ್ನು ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ವಾಪಸು ಬಂದೆ.

“ಆ ಮನುಷ್ಯನಿಗೆ ಏನೇನೂ ಕಾಣಿಸ್ತಿಲ್ಲ,” ಎಂದೆ ತಂಗಿಗೆ. “ಆಸ್ಪತ್ರೆಯವರು ನಿದ್ದೆ ಮಾಡ್ತಿದಾರಾ? ಸ್ವಲ್ಪ ತೆಗೆದು ನೋಡು.”

ಅವಳು ತೆಗೆದಳು. ಆಸ್ಪತ್ರೆಯ ಪುಟ ಬಂತು. ವಿಳಾಸ ಕೇಳಿದಾಗ ಅವಳ ಕೈ ಒಂದು ಕ್ಷಣ ನಿಂತಿತು. ಇಸ್ತ್ರಿ ಎಂದು ಹೊಡೆದಳು, ನೆನಪಿನ ಆಧಾರದ ಮೇಲೆ ಒಂದೆರಡು ಸಲ ಅಂಕಿ ಬದಲಿಸಿದಳು, ಬೀದಿಯ ಪಾಸ್‌ವರ್ಡ್ ಹಾಕಿದಳು. ಬಾಗಿಲು ತೆರೆಯಿತು. ಪರದೆಯ ಮೇಲೆ ನಾಲ್ಕು ಸಾಲು. ನೋಂದಣಿ ಸ್ವೀಕರಿಸಲಾಗಿದೆ. ಸರದಿ ಹತ್ತಿರವಾಗಿದೆ ಎಂದು ಇಮೇಲ್ ಕಳಿಸಲಾಗಿದೆ. ಕಣ್ಣು ಲಭ್ಯವಿದೆ, ಕೂಡಲೇ ಬನ್ನಿ ಎಂದು ಇಮೇಲ್ ಕಳಿಸಲಾಗಿದೆ. ವಿಳಾಸದವರ ಕೋರಿಕೆಯಂತೆ ನೋಂದಣಿ ರದ್ದು.

ಅವಳು ಆ ನಾಲ್ಕು ಸಾಲುಗಳನ್ನು ಓದಿ, ಮತ್ತೆ ಓದಿ, ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತಳು. ಮತ್ತೆ ಕೂತಳು. ಸಾಲಿನಲ್ಲಿದ್ದ ಹೆಂಗಸೊಬ್ಬಳು, “ನಂದು ಆಯ್ತಾ?” ಎಂದು ಕೇಳಿದಳು. “ಇಲ್ಲ,” ಎಂದಳು ನನ್ನ ತಂಗಿ. “ಇವತ್ತು ಆಗಲ್ಲ, ಹೋಗಿ.” ಅಂಗಡಿ ತೆರೆದ ಮೇಲೆ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

“ಕೋರಿಕೆ ಯಾರದು?” ಎಂದೆ. “ಆ ವಿಳಾಸದಲ್ಲಿ ಯಾರೂ ಇಲ್ಲ ಅಂದಿದ್ದೆಯಲ್ಲ?”

ಅವಳು ಆ ಬಿಟ್ಟಿ ಇಮೇಲಿನ ಪುಟಕ್ಕೆ ಹೋಗಿ, ಅದೇ ವಿಳಾಸವನ್ನು ಹೊಸದಾಗಿ ತನಗೆ ಕೊಡು ಎಂದು ಕೇಳಿದಳು. ಈ ವಿಳಾಸ ಈಗಾಗಲೇ ಬೇರೆಯವರದು ಎಂದು ಕೆಂಪಕ್ಷರದಲ್ಲಿ ಬಂತು. ಅಂದರೆ ಅವಳು ಗಾಳಿಯಲ್ಲಿ ಕಟ್ಟಿದ ಮನೆಯಲ್ಲಿ ಮೊದಲಿನಿಂದಲೂ ಯಾರೋ ವಾಸವಾಗಿದ್ದರು. ಆಗಲೇ ಅಂಗಡಿಯ ಇಮೇಲಿನಿಂದ ಆ ವಿಳಾಸಕ್ಕೆ ಒಂದು ಕಾಗದ ಬರೆದಳು: ನೀವು ಯಾರು, ಆಸ್ಪತ್ರೆಯಿಂದ ನಿಮಗೇನಾದರೂ ಬಂದಿತ್ತೆ?

ಮಾರನೆಯ ದಿನ ಉತ್ತರ ಬಂತು. ಬರೆದವಳು ಎಲ್ಲೋ ದೂರದ ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ಇಸ್ತ್ರಿಯವರಿಗೆ ಇಸ್ತ್ರಿ ಎಂಬ ವಿಳಾಸವೇ ತಾನೇ ಬೇಕಾಗುವುದು. ಅವಳ ಕಾಗದವನ್ನು ತಂಗಿ ನನಗೆ ಓದಿ ಹೇಳಿದಳು.

“ಮೊದಲನೆಯದು ಬಂದಾಗ ಮೋಸದವರು ಅಂತ ಬಿಟ್ಟುಬಿಟ್ಟೆ. ಎರಡನೆಯದರಲ್ಲಿ ಕಣ್ಣು ಬಂದಿದೆ, ಕೂಡಲೇ ಬನ್ನಿ ಅಂತಿತ್ತು. ಯಾರೋ ಪಾಪ ಕಾಯ್ತಿರ್ತಾರೆ, ಅವರಿಗೆ ಬರಬೇಕಾದ್ದು ನನಗೆ ಬಂದಿದೆ ಅಂತ ಆ ಕ್ಷಣವೇ ಆಸ್ಪತ್ರೆಗೆ ಬರೆದೆ. ಇದು ನಾನಲ್ಲ, ನನ್ನ ಹೆಸರು ತೆಗೀರಿ, ಸರಿಯಾದವರನ್ನ ಹುಡುಕಿ ಅಂತ. ಆವತ್ತಿಂದ ಅದೇ ಯೋಚನೆ. ಅವರು ಸಿಕ್ಕಿದ್ರಾ? ಅವರಿಗೆ ಕಣ್ಣು ಬಂತಾ?”

ಬೇರೆ ಯಾರಾದರೂ ತನ್ನನ್ನು ಬೈದಿದ್ದರೆ ನನ್ನ ತಂಗಿ ತಿರುಗಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಈ ಹೆಂಗಸು ಅದಕ್ಕೂ ಅವಕಾಶ ಕೊಡಲಿಲ್ಲ. ತಂಗಿ ಮೇಜಿನ ಮೇಲೆ ತಲೆ ಇಟ್ಟು ಅತ್ತಳು. ನಾನು ಷಟರ್ ಅರ್ಧ ಎಳೆದು, ಬಂದವರಿಗೆ ಕರೆಂಟ್ ಇಲ್ಲ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದೆ. ಒಳಗೆ ಫ್ಯಾನು ತಿರುಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು.

ಆ ದಿನಗಳಲ್ಲಿ ಅವಳು ಅರ್ಧ ಆಳಾದಳು. ಅರ್ಜಿ ತುಂಬಲು ಬಂದವರನ್ನು ಪೀಡಿಸತೊಡಗಿದಳು: ನಿಮ್ಮ ಫೋನ್ ನಂಬರ್ ಏನು, ನಿಮ್ಮ ಮಗನದು ಏನು, ಪಕ್ಕದ ಮನೆಯವರದು ಏನು. ಜನಕ್ಕೆ ತಲೆ ಕೆಟ್ಟು ಹೋಯಿತು. ಇತ್ತ ಮಾವ ಬಾಗಿಲಿಗೆ ಬಂದು “ಬಂತಾ ತಾಯಿ?” ಎಂದರೆ ಇವಳು ಮೇಜಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ಕೂರುವಳು. ಅವರಿಗೆ ಅದು ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದು ಗೊತ್ತಿದ್ದೂ ಬಗ್ಗುತ್ತಿದ್ದಳು. ಉತ್ತರ ನಾನು ಕೊಡುತ್ತಿದ್ದೆ: “ಇನ್ನೂ ಇಲ್ಲ ಮಾವ.”

“ಹೊಸದಾಗಿ ನೋಂದಣಿ ಮಾಡಿಬಿಡು,” ಎಂದೆ ನಾನು. “ಈ ಸಲ ಎಲ್ಲ ಸರಿಯಾಗಿ ಹಾಕು. ಅವರಿಗೆ ಹೇಳಿ ಆಗಬೇಕಾದ್ದೇನು? ಹೋದ ಕಣ್ಣು ವಾಪಸು ಬರುತ್ತಾ?”

“ಅವರು ದಿನಾ ಕಾಯ್ತಿದಾರೆ ಅಣ್ಣ.”

“ಮತ್ತೆ ಕಾಯ್ತಾರೆ. ಕಾಯೋದು ಅವರಿಗೆ ಹೊಸದಾ?”

ಅವಳು ನನ್ನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ. ಆದರೂ ನನ್ನ ಮಾತಿನಂತೆ ಪ್ರಯತ್ನಿಸಿದಳು. ಅರ್ಜಿ ಮುಂದಕ್ಕೆ ಬಿಡಲಿಲ್ಲ. ಈ ರೋಗಿಯ ನೋಂದಣಿ ಒಮ್ಮೆ ರದ್ದಾಗಿದೆ, ರೋಗಿ ಖುದ್ದಾಗಿ ಆಸ್ಪತ್ರೆಯ ಕೌಂಟರಿಗೆ ಬರಬೇಕು ಎಂದಿತು. ಅಂದು ಬರೀ ಆಕಾರ ನೋಡಿ ಒಳಗೆ ಬಿಟ್ಟ ಅರ್ಜಿಗೆ ಇಂದು ನಿಜವಾದ ಮನುಷ್ಯನೇ ಬೇಕಾಗಿತ್ತು.

“ಸಹಿ ಬೇಕಂತೆ ಅಂತ ಹೇಳಿ ಕರ್ಕೊಂಡು ಹೋಗು,” ಎಂದೆ. ಇದಕ್ಕೆ ಒಪ್ಪಿದಳು. ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡು ರಸ್ತೆ ದಾಟಿದಳು.

ಮಾವ ಒಂದು ಬೆಡ್‌ಶೀಟನ್ನು ಎರಡು ಕೈಯಲ್ಲಿ ಹಿಡಿದು ಅಂಚಿಗೆ ಅಂಚು ಸೇರಿಸುತ್ತಿದ್ದರು. ಹೆಜ್ಜೆ ಸಪ್ಪಳದಿಂದಲೇ ಗುರುತು ಹಿಡಿದರು.

“ಟಿಕ್ಕಮ್ಮ ಬಂದ್ಲು! ಏನು ತಾಯಿ, ಬಂತಾ?”

“ಇಲ್ಲ ಮಾವ. ನಾಳೆ ಆಸ್ಪತ್ರೆಗೆ ಹೋಗಬೇಕು. ಒಂದು ಸಹಿ...”

“ಏನಾದ್ರೂ ತಪ್ಪಾಗಿದೆಯಾ?” ಎಂದು ಅತ್ತೆ ಒಳಗಿನಿಂದ ಬಂದರು.

“ತಪ್ಪು ಯಾಕಾಗುತ್ತೆ?” ಎಂದರು ಮಾವ. “ಹಾಕಿದ್ದು ನಮ್ಮ ಹುಡುಗಿ. ಎಲ್ಲರನ್ನೂ ನಿಲ್ಲಿಸಿ ನನಗೆ ಮೊದಲು ಹಾಕಿಕೊಟ್ಟಳು. ನಂಗೆ ಗೊತ್ತಿಲ್ವಾ?”

ನನ್ನ ತಂಗಿಯ ಮುಖ ಬಿಳಿಚಿಕೊಂಡಿತು. ನಾನು ಮೊಣಕೈಯಿಂದ ತಿವಿದೆ, ಸುಮ್ಮನಿರು ಎಂದು. ಅವಳು ಸುಮ್ಮನಿರಲಿಲ್ಲ.

“ಬಂದಿತ್ತು ಮಾವ,” ಎಂದಳು. “ಕಣ್ಣು ಬಂದಿತ್ತು. ಅವರು ಕರೆದಿದ್ರು. ನಿಮಗೆ ಗೊತ್ತಾಗಲಿಲ್ಲ, ಯಾಕಂದ್ರೆ ನಾನು ಹಾಕಿದ ವಿಳಾಸ ಸುಳ್ಳು. ನಾನೇ ಕಟ್ಟಿದ್ದು. ಕಾಗದ ಬೇರೆ ಯಾರಿಗೋ ಹೋಯ್ತು. ಈಗ ಹೆಸರೇ ತೆಗೆದುಬಿಟ್ಟಿದಾರೆ.”

ಮಾವ ಬೆಡ್‌ಶೀಟನ್ನು ಮೇಜಿನ ಮೇಲೆ ಇಟ್ಟರು. ಕೈ ನೀಡಿ, ಗೋಡೆ ತಡವಿ, ಇಸ್ತ್ರಿಯ ಸ್ವಿಚ್ ಆರಿಸಿದರು. ಅದನ್ನು ನಿಧಾನವಾಗಿ ಮಾಡಿದರು, ಅಭ್ಯಾಸದ ಕೆಲಸ ಮಾಡುವವರ ಹಾಗೆ.

“ನಾನು ಫೋನ್ ನಂಬರ್ ಕೊಡೋಕೆ ಬಂದಿದ್ದೆ,” ಎಂದರು.

“ಹೂಂ.”

“ನೀವು ಬೇಡ ಅಂದ್ರಿ.”

“ಅಂದೆ ಮಾವ.”

ಅವರು ಅವಳನ್ನು ನೀವು ಎಂದದ್ದು ಅದೇ ಮೊದಲು. ನನಗೇ ಚುರುಕ್ಕೆಂದಿತು, ಅವಳಿಗೆ ಹೇಗಾಗಿರಬೇಕು.

ಅತ್ತೆ ಮಾತ್ರ ಬಾಯಿ ಕಟ್ಟಿಕೊಳ್ಳಲಿಲ್ಲ. “ಅವರು ನಿಮ್ಮ ಬಾಗಿಲಿಗೆ ಎಷ್ಟು ಸಲ ಬಂದ್ರಮ್ಮಾ? ಗಾಡಿಗಳ ಮಧ್ಯೆ, ಕಣ್ಣು ಕಾಣದೆ, ಎಷ್ಟು ಸಲ ಬಂದ್ರು? ಒಂದೇ ಒಂದು ಸಲ ತೆಗೆದು ನೋಡೋಕೆ ನಿನಗೆ ಪುರುಸೊತ್ತು ಸಿಗಲಿಲ್ವಾ? ಕೈ ತುಂಬ ಗುಳ್ಳೆ ಮಾಡ್ಕೊಂಡು ನಿನ್ನ ಬಟ್ಟೆನೇ ತಿಕ್ಕುತ್ತಿದ್ರಲ್ಲೇ!” ಎಂದು ಅಳುತ್ತಾ ಹಲಗೆಯ ಮೇಲಿನ ನಮ್ಮ ಮನೆಯ ಗಂಟನ್ನು ಎಳೆದು ಅವಳ ಮುಂದೆ ಹಾಕಿದರು. ಗಂಟು ಬಿಚ್ಚಿ ಅವಳ ಸೀರೆ ನೆಲದ ಮೇಲೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ, ಅಲ್ಲಿಂದ ಕದಲಲೂ ಇಲ್ಲ.

“ಸಾಕು ಬಿಡು,” ಎಂದರು ಮಾವ ಹೆಂಡತಿಗೆ. ಆಮೇಲೆ, “ನಾಳೆ ಎಷ್ಟು ಹೊತ್ತಿಗೆ ಹೊರಡಬೇಕು?” ಎಂದು ಕೇಳಿದರು. ಕೇಳಿದ್ದು ನನ್ನನ್ನು.

ಮಾರನೆಯ ದಿನ ಬಸ್ಸಿನಲ್ಲಿ ಮಾವ ನನ್ನ ಪಕ್ಕ ಕೂತರು, ತಂಗಿ ಹಿಂದಿನ ಸೀಟಿನಲ್ಲಿ ಒಬ್ಬಳೇ. ದಾರಿಯಲ್ಲಿ ಮಾವ ಒಂದೇ ಒಂದು ಮಾತಾಡಿದರು. “ಆ ಕಣ್ಣನ್ನ ಬೇರೆ ಯಾರಿಗಾದ್ರೂ ಹಾಕಿರ್ತಾರೆ ಅಲ್ವಾ? ಬಿಸಾಕಲ್ಲ ತಾನೇ?” ಬಿಸಾಕುವುದಿಲ್ಲ ಎಂದೆ. ನನಗೇನು ಗೊತ್ತು?

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿದರು. ಬಲಗಣ್ಣು ಇನ್ನೂ ಸ್ವಲ್ಪ ಕಾಲ ನಡೆಸುತ್ತದೆ, ಎಷ್ಟು ಕಾಲ ಎಂದು ಹೇಳಲಾಗದು ಎಂದರು. ಕೌಂಟರಿನಲ್ಲಿ ಕನ್ನಡಕ ಹಾಕಿದ ಹುಡುಗಿಯೊಬ್ಬಳು ಕೂತಿದ್ದಳು. ಅವಳ ಮುಂದೆ ನನ್ನ ತಂಗಿ ಎಲ್ಲವನ್ನೂ ಒಪ್ಪಿಕೊಂಡಳು. ತಪ್ಪು ನನ್ನದು, ಇವರದಲ್ಲ, ಇವರ ಹಳೆಯ ಜಾಗವನ್ನು ಇವರಿಗೆ ಕೊಡಿ ಎಂದು ಕೈ ಮುಗಿದು ಕೇಳಿದಳು. ಆ ಹುಡುಗಿಗೆ ಅಯ್ಯೋ ಅನಿಸಿದ್ದು ಮುಖದಲ್ಲೇ ಕಾಣುತ್ತಿತ್ತು.

“ಹಾಗೆ ಕೊಡೋಕಾಗಲ್ಲ ಅಕ್ಕ. ಮುಂದಿರೋರೂ ಇವರ ಹಾಗೇ ಕಾಯ್ತಿರೋರೇ ಅಲ್ವಾ? ಇವರು ಸಾಲಿನ ಕೊನೆಗೆ ಬರ್ತಾರೆ.”

ನನ್ನ ತಂಗಿ ಮತ್ತೆ ಬಾಯಿ ತೆರೆದಳು. ಮಾವ ಕೈ ಎತ್ತಿ ತಡೆದರು. “ಕೊನೆಗೇ ಹಾಕಿ,” ಎಂದರು.

ಹುಡುಗಿ ಹೊಸ ಅರ್ಜಿ ತೆರೆದಳು. ಮಾವನ ಹೆಸರಿನಲ್ಲಿ ನಿಜವಾದ ಒಂದು ಇಮೇಲನ್ನು ಅಲ್ಲೇ ಮಾಡಿದಳು. ಪಾಸ್‌ವರ್ಡ್ ಕಾಲಂ ಬಂದಾಗ, “ಇದನ್ನ ನೀವೇ ಹಾಕಬೇಕು ತಾತ, ಯಾರಿಗೂ ಗೊತ್ತಾಗಬಾರದು. ಒಂದೊಂದೇ ಗುಂಡಿ ಮೇಲೆ ಬೆರಳು ಇಡಿ, ಯಾವ ಅಕ್ಷರ ಅಂತ ನಾನು ನಿಮಗೊಬ್ಬರಿಗೇ ಕೇಳೋ ಹಾಗೆ ಮೆಲ್ಲಗೆ ಹೇಳ್ತಾ ಹೋಗ್ತೀನಿ,” ಎಂದು ಕೀಲಿಮಣೆಯನ್ನು ಕೌಂಟರಿನ ಕಿಂಡಿಯಿಂದ ಹೊರಗೆ ಸರಿಸಿದಳು. ಮಾವ ಅದರ ಮೇಲೆ ಎರಡೂ ಕೈ ಇಟ್ಟರು. ಆಮೇಲೆ ಮುಖವನ್ನು ನನ್ನ ತಂಗಿ ನಿಂತಿದ್ದ ಕಡೆಗೆ ತಿರುಗಿಸಿದರು.

“ನೀವು ಸ್ವಲ್ಪ ಆ ಕಡೆ ತಿರುಗಿ,” ಎಂದರು.

ಅವಳು ತಿರುಗಿ ಗೋಡೆಗೆ ಮುಖ ಮಾಡಿ ನಿಂತಳು. ಬೀದಿಯವರ ಎಲ್ಲ ಬೀಗಗಳನ್ನೂ ತೆಗೆದವಳು, ಶಿಕ್ಷೆಗೆ ಒಳಗಾದ ಶಾಲೆಯ ಹುಡುಗಿಯ ಹಾಗೆ. ಹಿಂದೆ ಗುಂಡಿಗಳು ಒಂದೊಂದಾಗಿ ಟಕ್ ಎನ್ನುತ್ತಿದ್ದವು. “ದೊಡ್ಡಕ್ಷರ ಒಂದು ಬೇಕಂತೆ ತಾತ.” ಮತ್ತೆ ಮೊದಲಿನಿಂದ. “ಅಂಕಿ ಬೇಕಂತೆ.” ಮತ್ತೆ ಮೊದಲಿನಿಂದ. “ಎರಡು ಸಲ ಹಾಕಿದ್ದೂ ಒಂದೇ ಥರ ಇರಬೇಕಂತೆ, ಇಲ್ಲಿ ಬೇರೆ ಆಗಿದೆ.” ಮಾವನ ಗುಳ್ಳೆ ಬಿದ್ದ ಬೆರಳುಗಳು ಗುಂಡಿಗಳ ಮೇಲೆ ಅಲೆಯುವುದನ್ನು ನಾನೂ ನೋಡದೆ ಬೇರೆ ಕಡೆ ನೋಡಿದೆ. ತಂಗಿಯ ಕೈಬೆರಳುಗಳು ಮಾತ್ರ ಸೆರಗಿನ ಮೇಲೆ ತಾವಾಗಿಯೇ ಆಡುತ್ತಿದ್ದವು. ಅವಳು ಕೂತಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ನಿಟ್ಟುಸಿರು ಬಿಟ್ಟರು. ಅವಳು ತಿರುಗಲಿಲ್ಲ.

ಕೊನೆಗೆ ಹುಡುಗಿ, “ಟಿಕ್ ಬಂತು ತಾತ!” ಎಂದಳು.

“ಟಿಕ್ ಬರುತ್ತಮ್ಮ,” ಎಂದರು ಮಾವ. “ಅದು ಹಿಂದೆನೂ ಬಂದಿತ್ತು. ಫೋನ್ ನಂಬರ್ ಹಾಕಿದ್ದೀರಾ?”

“ಹಾಕಿದ್ದೀನಿ. ಅದಕ್ಕೆ ಸ್ಟಾರ್ ಇಲ್ಲ, ಆದ್ರೂ ಹಾಕಿದ್ದೀನಿ.”

“ಹಾಗಾದ್ರೆ ಒಂದು ಸಲ ಮಾಡಿ.”

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಪರದೆಯ ಮೇಲಿದ್ದ ನಂಬರನ್ನು ನೋಡಿಕೊಂಡು ಕೌಂಟರಿನ ಫೋನಿನಿಂದ ಒತ್ತಿದಳು. ಮಾವನ ಜೇಬಿನಲ್ಲಿ ಫೋನು ಜೋರಾಗಿ ಹೊಡೆದುಕೊಂಡಿತು. ಆಸ್ಪತ್ರೆಯಿಂದ ಬರುವ ಒಂದು ಕರೆಗೆಂದೇ ಕೊಂಡ ಫೋನಿಗೆ ಆಸ್ಪತ್ರೆಯಿಂದ ಬಂದ ಮೊದಲ ಕರೆ ಅದು. ಮಾವ ಎರಡೂ ಕೈಯಿಂದ ಅದನ್ನು ತೆಗೆದು, ಗುಂಡಿ ತಡವಿ ಒತ್ತಿ, ಕಿವಿಗೆ ಇಟ್ಟುಕೊಂಡರು.

“ಹಲೋ, ಯಾರು?”

“ನಾನೇ ತಾತ, ನಿಮ್ಮ ಎದುರಿಗೇ ಇದ್ದೀನಿ.”

“ಹಾಂ, ಕೇಳಿಸ್ತಿದೆ,” ಎಂದರು ಮಾವ. “ಕೇಳಿಸ್ತಿದೆಯಮ್ಮ.” ಗೋಡೆಗೆ ಮುಖ ಮಾಡಿದ್ದ ನನ್ನ ತಂಗಿಯ ಭುಜಗಳು ಕುಲುಕಿದವು. ಅವಳಿಗೆ ತಿರುಗಬಹುದು ಎಂದು ಯಾರೂ ಹೇಳಿರಲಿಲ್ಲ. ನಾನೇ ಹೋಗಿ ಕೈ ಹಿಡಿದು ಕರೆತಂದೆ.

ಈಗ ನಮ್ಮ ಅಂಗಡಿಯಲ್ಲಿ ಸಾಲು ಬೀದಿಯ ತಿರುವಿನವರೆಗೂ ನಿಲ್ಲುತ್ತದೆ. ಜನ ಹೆಚ್ಚಾಗಿಲ್ಲ, ಅವಳು ನಿಧಾನವಾಗಿದ್ದಾಳೆ. ಇಮೇಲ್ ಇಲ್ಲದವರಿಗೆ ನಿಜವಾದದ್ದನ್ನೇ ಮಾಡಿಕೊಡುತ್ತಾಳೆ, ಪಾಸ್‌ವರ್ಡ್ ಹಾಕುವಾಗ ಕುರ್ಚಿ ತಿರುಗಿಸಿ ಕೂರುತ್ತಾಳೆ, ಫೋನಿಗೆ ತಾನೇ ಒಮ್ಮೆ ಕರೆ ಮಾಡಿ ನೋಡುತ್ತಾಳೆ. ಹಿಂದೆ ಕಟ್ಟಿದ ವಿಳಾಸಗಳಲ್ಲಿ ನೆನಪಾದವರ ಮನೆಗಳಿಗೆ ಹೋಗಿ ಸರಿಪಡಿಸಿ ಬಂದಿದ್ದಾಳೆ. ನೆನಪಾಗದವರೂ ಇದ್ದಾರೆ, ಅದು ಅವಳಿಗೆ ಗೊತ್ತು. ಟಿಕ್ ಬಂತು ಎಂಬ ಮಾತನ್ನು ಈಗ ಆಡುವುದಿಲ್ಲ. ಹೆಸರು ಮಾತ್ರ ಹೋಗಿಲ್ಲ. ಯಾರಾದರೂ ಟಿಕ್ಕಮ್ಮ ಎಂದು ಕೂಗಿದಾಗ ಅವಳ ಮುಖ ಚಿಕ್ಕದಾಗುತ್ತದೆ, ಆದರೆ ಹಾಗೆ ಕರೆಯಬೇಡಿ ಎಂದು ಯಾರಿಗೂ ಹೇಳುವುದಿಲ್ಲ.

ಆ ದೂರದ ಊರಿನ ಹೆಂಗಸು ಆಗಾಗ ಬರೆಯುತ್ತಾಳೆ. ಅವರಿಗೆ ಕರೆ ಬಂತಾ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎಂದು ಇವಳು ಬರೆಯುತ್ತಾಳೆ.

ಇಸ್ತ್ರಿ ಹಿಡಿಯುವುದು ಈಗ ಹೆಚ್ಚಾಗಿ ಅತ್ತೆ. ಮಾವ ಪಕ್ಕದಲ್ಲಿ ಕೂತು ಮಡಚುತ್ತಾರೆ. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನನ್ನ ತಂಗಿ ಆಸ್ಪತ್ರೆಗೆ ಫೋನ್ ಮಾಡಿ ಸರದಿ ಎಲ್ಲಿಗೆ ಬಂತು ಎಂದು ಕೇಳಿಕೊಂಡು, ರಸ್ತೆ ದಾಟಿ ಹೋಗುತ್ತಾಳೆ. ಅವರು ಕೇಳುವ ಮೊದಲೇ, “ಇವತ್ತು ಇಲ್ಲ ಮಾವ,” ಎನ್ನುತ್ತಾಳೆ. “ಸರಿ,” ಎನ್ನುತ್ತಾರೆ ಅವರು. ತಾಯಿ ಎನ್ನುವುದಿಲ್ಲ. ಹೋಗು ಎಂದೂ ಅನ್ನುವುದಿಲ್ಲ. ಅವಳು ಒಂದು ಕ್ಷಣ ನಿಂತು ವಾಪಸು ಬರುತ್ತಾಳೆ.

ಅವರ ಫೋನಿನ ಗಂಟೆ ನಮ್ಮ ಅಂಗಡಿಯವರೆಗೂ ಕೇಳಿಸುತ್ತದೆ. ಅದು ಹೊಡೆದುಕೊಂಡಾಗ ನನ್ನ ತಂಗಿಯ ಕೈ ಗುಂಡಿಗಳ ಮೇಲೆ ಗಾಳಿಯಲ್ಲಿ ನಿಂತುಬಿಡುತ್ತದೆ. ಎದುರು ಕೂತವರು ಏನಾಯಿತು ಎಂದು ಅವಳ ಮುಖ ನೋಡುತ್ತಾರೆ. ನಾನೂ ಯಂತ್ರ ನಿಲ್ಲಿಸುತ್ತೇನೆ. ರಸ್ತೆಯ ಆಚೆಯಿಂದ ಮಾವನ ದನಿ ಬರುತ್ತದೆ: “ಹಲೋ, ಯಾರು? ಯಾರು ಬೇಕಾಗಿತ್ತು? ಇಲ್ಲಪ್ಪ, ರಾಂಗ್ ನಂಬರ್.” ಆಮೇಲೆ ಅವಳು ಎದುರು ಕೂತವರನ್ನು, “ನಿಮ್ಮ ಫೋನ್ ನಂಬರ್ ಇನ್ನೊಂದು ಸಲ ಹೇಳಿ,” ಎಂದು ಕೇಳುತ್ತಾಳೆ.